ಕಸ್ಟರ್ ಮನೆಯಂತೆ, ಮನೆ!

ಭಾನುವಾರ ಮತ್ತೆ ಅದೇ ಕಥೆ. ಡಲ್ಲಾಸ್‌ನಿಂದ ಮೈದುನ, ಅವನ ಹೆಂಡತಿ, ಮಕ್ಕಳು ಬಂದಿದ್ದರು. ನಮ್ಮೂರಿಗೆ ಯಾರೇ ಬರಲಿ, ಎರಡನೇ ದಿನಕ್ಕೆ "ಇಲ್ಲಿ ನೋಡೋಕೆ ಏನಿದೆ?" ಅಂತಾರೆ. ಕಾನ್ಸಾಸ್‌ನ ಮ್ಯಾನ್‌ಹಟನ್‌ನಲ್ಲಿ ಏನಿರುತ್ತೆ? ಹುಲ್ಲು, ಆಕಾಶ, ಪಕ್ಕದಲ್ಲಿ ಫೋರ್ಟ್ ರೈಲಿ ಅನ್ನೋ ಸೈನ್ಯದ ಕೋಟೆ. ಗೇಟಿನಲ್ಲಿ ಪಾಸ್ ಮಾಡಿಸಿ ಒಳಗೆ ಕರೆದುಕೊಂಡು ಹೋದೆವು. ಮೈದುನ ಸೀದಾ ಹೋಗಿ ನಿಂತದ್ದು ಕಸ್ಟರ್ ಹೌಸ್ ಮುಂದೆ. ಸುಣ್ಣಕಲ್ಲಿನ ಗೋಡೆಗೆ ಒರಗಿ, ಕೈ ಕಟ್ಟಿ, ಗಂಭೀರವಾಗಿ ಮುಖ ಮಾಡಿ ಫೋಟೊ ಮೇಲೆ ಫೋಟೊ. ಕಾರು ಹತ್ತುವಷ್ಟರಲ್ಲಿ ಸ್ಟೇಟಸ್ ಬಿದ್ದಾಗಿತ್ತು: "ಜನರಲ್ ಕಸ್ಟರ್ ಬಾಳಿ ಬದುಕಿದ ಮನೆ."

ಬಾಳಿಲ್ಲ ಮಾರಾಯ! (ಕಸ್ಟರ್ ಅಂದರೆ ಅಮೆರಿಕ ಸೈನ್ಯದ ಕುದುರೆ ದಳದ ಅಧಿಕಾರಿ.) ಮನೆ 1855ರದ್ದು, ಒಪ್ಪಿದೆ. ಆದರೆ ಕಸ್ಟರ್ ಗಂಡ ಹೆಂಡತಿ ಇದ್ದದ್ದು ಅಂಥದ್ದೇ ಇನ್ನೊಂದು ಮನೆಯಲ್ಲಿ. ಹೆಸರು ಮಾತ್ರ ಬಂದು ಇದಕ್ಕೆ ಅಂಟಿಕೊಂಡಿದೆ. ಇದ್ದದ್ದಾದರೂ ಎಷ್ಟು ದಿನ? 1866ರಲ್ಲಿ ಸೆವೆಂತ್ ಕ್ಯಾವಲ್ರಿ ಅನ್ನೋ ಕುದುರೆ ದಳ ಇಲ್ಲಿ ಶುರುವಾಯಿತು, ಆಗ ಬಂದ. ಚಳಿಗಾಲ ಕಳೆದ ಮೇಲೆ ದಂಡೆತ್ತಿಕೊಂಡು ಪಶ್ಚಿಮಕ್ಕೆ ಹೋದ. ಜುಲೈನಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಹೆಂಡತಿಯನ್ನು ನೋಡಲು ಓಡಿ ಬಂದ. ಕೋರ್ಟ್ ಮಾರ್ಷಲ್ ಆಯ್ತು, ಒಂದು ವರ್ಷ ಸಂಬಳ ಇಲ್ಲದೆ ಸಸ್ಪೆಂಡ್. (ಹೆಂಡತಿಗೋಸ್ಕರ ಅಷ್ಟು ದೂರ ಕುದುರೆ ಓಡಿಸಿದ್ದಕ್ಕೆ ನನ್ನದೊಂದು ಮೆಚ್ಚುಗೆ ಇದೆ. ನಮ್ಮವರು ಕೊತ್ತಂಬರಿ ಸೊಪ್ಪಿಗೆ ಕಾರು ತೆಗೆಯುವುದಕ್ಕೂ ಯೋಚನೆ ಮಾಡುತ್ತಾರೆ.)

ಇಷ್ಟಕ್ಕೆ ಅವನ ಹೆಸರಲ್ಲಿ ಒಂದು ಮನೆ. ಸೈನಿಕರ ಬ್ಯಾರಕ್‌ಗಳು ಇರುವ ಕಡೆಗೆ ಕಸ್ಟರ್ ಹಿಲ್ ಅಂತ ಹೆಸರು. 1876ರಲ್ಲಿ ಲಿಟಲ್ ಬಿಗ್‌ಹಾರ್ನ್‌ನಲ್ಲಿ ಮೂಲನಿವಾಸಿಗಳ ಜೊತೆ ಕಾದಾಡಿ ಅವನೂ ಅವನ ದಂಡೂ ಸತ್ತ ಮೇಲೆ ಉಳಿದ ಕೊಮಾಂಚಿ ಅನ್ನೋ ಕುದುರೆ ಗೊತ್ತಲ್ಲ? ಅದು ಅವನ ಕುದುರೆಯೂ ಅಲ್ಲ, ಇನ್ನೊಬ್ಬ ಅಧಿಕಾರಿಯದ್ದು. 1891ರಲ್ಲಿ ಇದೇ ರೈಲಿಯಲ್ಲಿ ಸತ್ತಿತು. ಅದರ ಚರ್ಮ ತುಂಬಿಸಿ ಲಾರೆನ್ಸ್‌ನ ಯೂನಿವರ್ಸಿಟಿಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿದ್ದಾರೆ. ಕುದುರೆಗೂ ಗಾಜಿನ ಪೆಟ್ಟಿಗೆ! ಇಲ್ಲಿ ಮನುಷ್ಯರೂ ಇದ್ದರು ಸ್ವಾಮಿ.

ಕೇಳಿ. 1853ರಲ್ಲಿ ಈ ಕೋಟೆ ಶುರುವಾದದ್ದು, ರಿಪಬ್ಲಿಕನ್, ಸ್ಮೋಕಿ ಹಿಲ್ ನದಿಗಳು ಸೇರಿ ಕಾನ್ಸಾಸ್ ನದಿ ಆಗುವ ಜಾಗದ ಹತ್ತಿರ. ಸಾಂಟಾ ಫೆ, ಒರೆಗಾನ್ ದಾರಿಯಲ್ಲಿ ಪಶ್ಚಿಮಕ್ಕೆ ಹೋಗುವ ಗಾಡಿಗಳಿಗೆ ಕಾವಲು ಅಂತ. ಮರ ಕಡಿಮೆ, ಕಲ್ಲು ಜಾಸ್ತಿ. ಹಾಗಾಗಿ ಎಲ್ಲಾ ಕಟ್ಟಡ ಸುಣ್ಣಕಲ್ಲಿನದ್ದು. ಅದನ್ನು ಕಟ್ಟೋಕೆ ಬಂದ ಕಲ್ಲುಕುಟಿಗರು, ಕೂಲಿಗಳಿಗೆ 1855ರ ಬೇಸಿಗೆಯಲ್ಲಿ ಕಾಲರಾ ಬಡಿಯಿತು. ಕಟ್ಟಿಸುತ್ತಿದ್ದ ಮೇಜರ್ ಆಗ್ಡನ್ ಸಹ ಸತ್ತ. ಮೇಜರ್‌ಗೆ ಸ್ಮಾರಕ ಇದೆ. ಮೈದುನ ಒರಗಿ ನಿಂತ ಆ ಗೋಡೆಯ ಕಲ್ಲು ಕಡಿದವನ ಹೆಸರು ಯಾರಿಗೆ ಗೊತ್ತು?

ಅದೇ ವರ್ಷ ಪಕ್ಕದಲ್ಲಿ ಪಾನೀ ಅನ್ನೋ ಊರಿತ್ತು. ಕಾನ್ಸಾಸ್‌ನ ಮೊದಲ ಶಾಸನಸಭೆ ಅಲ್ಲೇ ಸೇರಿದ್ದು, ಜುಲೈ 2ರಿಂದ 6ರ ತನಕ. ಗುಲಾಮಗಿರಿ ಬೇಕು ಅನ್ನುವವರ ಕೈ ಮೇಲಾಗಿತ್ತು, ಮಿಸೌರಿ ಗಡಿ ಹತ್ತಿರಕ್ಕೆ ಸಭೆ ಎತ್ತಿಕೊಂಡು ಹೋದರು. ಆಮೇಲೆ ಊರಿನ ಜಾಗ ಸೈನ್ಯದ್ದು ಅಂತ ಆಯ್ತು, ಜನರನ್ನು ಎಬ್ಬಿಸಿದರು. ಈಗ ಉಳಿದಿರುವುದು ಶಾಸನಸಭೆಯ ಕಲ್ಲಿನ ಕಟ್ಟಡ. ನಾವು ಬರುವಾಗ ದಾರಿಯಲ್ಲೇ ಇತ್ತು. "ಅತ್ತಿಗೆ, ಮಕ್ಕಳಿಗೆ ಹಸಿವು" ಅಂದ. ಕಸ್ಟರ್ ಮನೆ ಮುಂದೆ ಹಸಿವಿರಲಿಲ್ಲ ನೋಡಿ.

ಅದಕ್ಕೂ ಮುಂಚೆ ಇಲ್ಲಿದ್ದವರು ಕಾ ಅನ್ನೋ ಮೂಲನಿವಾಸಿ ಜನ. ರಾಜ್ಯಕ್ಕೆ ಹೆಸರು ಬಂದದ್ದೇ ಅವರಿಂದ. 1873ರಲ್ಲಿ ಅವರನ್ನು ಈಗಿನ ಒಕ್ಲಹೋಮಕ್ಕೆ ಸಾಗಹಾಕಿದರು. ಇನ್ನು 1890ರಲ್ಲಿ ವೂಂಡೆಡ್ ನೀ ಅನ್ನೋ ಕಡೆ ಲಕೋಟ ಬುಡಕಟ್ಟಿನ ಹೆಂಗಸರು, ಮಕ್ಕಳ ಮೇಲೆ ಗುಂಡು ಹಾರಿಸಿದ ದಳ ಹೊರಟದ್ದು ರೈಲಿಯಿಂದಲೇ. ಅಲ್ಲಿ ಸತ್ತ ಸೈನಿಕರಿಗೆ ಇಲ್ಲಿ ಸ್ಮಾರಕ ಇದೆ. ಲಕೋಟದವರಿಗೆ ಇಲ್ಲ. ಅದರ ಬಗ್ಗೆ ಬರೆಯೋಕೆ ಕೂತರೆ ಬಿಪಿ ಮಾತ್ರೆ ಇನ್ನೊಂದು ನುಂಗಬೇಕು, ಬಿಡಿ.

ಕೊರೊನಾ ಕಾಲದಲ್ಲಿ ಒಂದು ಹಳೇ ಫೋಟೊ ಎಲ್ಲರ ವಾಟ್ಸಾಪ್‌ಗೂ ಬಂದಿತ್ತಲ್ಲ, ದೊಡ್ಡ ಹಾಲ್‌ನಲ್ಲಿ ಸಾಲು ಸಾಲು ಮಂಚ, ಮಂಚದ ತುಂಬ ರೋಗಿಗಳು? ಅದು ಇಲ್ಲಿಯದೇ, ರೈಲಿಯೊಳಗಿನ ಕ್ಯಾಂಪ್ ಫನ್‌ಸ್ಟನ್. 1918ರ ಮಾರ್ಚ್‌ನಲ್ಲಿ ಇಲ್ಲಿ ನೂರಾರು ಸೈನಿಕರು ಜ್ವರ ಅಂತ ಮಲಗಿದರು. ಸ್ಪ್ಯಾನಿಷ್ ಫ್ಲೂ ಅನ್ನೋ ಆ ಜ್ವರ ಹುಟ್ಟಿದ್ದು ಇಲ್ಲೇನಾ ಅಂತ ಇನ್ನೂ ಜಗಳ ಇದೆ. ಅದೇ ವರ್ಷ ನಮ್ಮ ಮೈಸೂರು ಸಂಸ್ಥಾನದಲ್ಲೂ ಆ ಕಾಯಿಲೆ ಮನೆ ಮನೆ ಹೊಕ್ಕಿತ್ತು. ನಮ್ಮ ಕಡೆಯವರಿಗೆ ಈ ಜಾಗದ ಜೊತೆ ನೆಂಟಸ್ತನ ಬೇಕಿದ್ದರೆ ಅದು ಸಿಗುತ್ತೆ. ಕಸ್ಟರ್ ಯಾಕೆ?

ಕಪ್ಪು ಸೈನಿಕರ ಕುದುರೆ ದಳಗಳೂ ಇಲ್ಲಿದ್ದವು. ಬೇಸ್‌ಬಾಲ್‌ನ ಜಾಕಿ ರಾಬಿನ್‌ಸನ್ ಸಹ 1942ರಲ್ಲಿ ಇಲ್ಲಿಗೇ ಬಂದದ್ದು. ಅಧಿಕಾರಿ ತರಬೇತಿಗೆ ಕಪ್ಪು ಹುಡುಗರನ್ನು ಸೇರಿಸದೆ ಆಟ ಆಡಿಸುತ್ತಿದ್ದರು. ಬಾಕ್ಸರ್ ಜೋ ಲೂಯಿಸ್ ಕೂಡ ಆಗ ಇಲ್ಲೇ ಸಿಪಾಯಿ, ಅವನು ಮೇಲಿನವರ ತನಕ ಮಾತು ಮುಟ್ಟಿಸಿದ. 1943ರ ಜನವರಿಯಲ್ಲಿ ರಾಬಿನ್‌ಸನ್ ಸೆಕೆಂಡ್ ಲೆಫ್ಟಿನೆಂಟ್ ಆದ. ಆಮೇಲೆ ಅವನು ಮಾಡಿದ್ದೇನು ಗೊತ್ತಾ? ಕ್ಯಾಂಟೀನಿನಲ್ಲಿ ಕಪ್ಪು ಸೈನಿಕರಿಗೆ ಬೆರಳೆಣಿಕೆಯ ಕುರ್ಚಿ, ಬಿಳಿಯರ ಕುರ್ಚಿ ಖಾಲಿ ಇದ್ದರೂ ಇವರು ನಿಂತು ಕಾಯಬೇಕು. ಅದಕ್ಕೆ ಫೋನಿನಲ್ಲಿ ಮೇಜರ್ ಜೊತೆ ಜಗಳಕ್ಕೆ ನಿಂತ. ಕುರ್ಚಿ ಜಾಸ್ತಿ ಮಾಡಿಸಿದ. ಆ ಕ್ಯಾಂಟೀನ್ ಎಲ್ಲಿತ್ತು ಅಂತ ಯಾರಾದರೂ ಕೇಳಿದರೆ ನಾನು ಖುಷಿಯಿಂದ ಹುಡುಕಿಕೊಂಡು ಹೊರಟೇನು.

"ಹೆಸರು ನೋಡಿಯಾದರೂ ಜನ ಬರ್ತಾರಲ್ಲ ಅತ್ತಿಗೆ, ಬಂದ ಮೇಲೆ ಉಳಿದದ್ದೂ ನೋಡ್ತಾರೆ" ಅಂದ ಮೈದುನ. ಹೌದಪ್ಪ, ನೀನು ನೋಡಿದೆಯಲ್ಲ.

ನನಗ್ಯಾಕೆ ಇಷ್ಟು ಉರಿ ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಅಪ್ಪ ನಮ್ಮ ಸೈನ್ಯದ ಎಂಇಜಿಯಲ್ಲಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಹವಾಲ್ದಾರ್. ಹಲಸೂರಿನಿಂದ ಶುರುವಾಗಿ ಎಲ್ಲೆಲ್ಲೋ ಕಂಟೋನ್ಮೆಂಟ್‌ಗಳಲ್ಲಿ ಬೆಳೆದವಳು ನಾನು. ಅಮ್ಮ ಪ್ರತಿ ಸಲ ಅದೇ ಟ್ರಂಕು ಬಿಚ್ಚಿ ಹೊಸ ಊರಲ್ಲಿ ಸಂಸಾರ ಹೂಡಿದಳು, ಹೊಸ ಭಾಷೆಯಲ್ಲಿ ತರಕಾರಿ ಚೌಕಾಸಿ ಕಲಿತಳು. ಸೈನ್ಯದ ಕಾಗದದಲ್ಲಿ ಅವಳು ಬರೀ ಒಬ್ಬ ಅವಲಂಬಿತೆ. ಅವಳು ಹೋದ ಮೇಲೆ ನನಗೆ ಈ ವಿಷಯ ಒಂದಿಷ್ಟು ಜಾಸ್ತಿಯೇ ಚುಚ್ಚುತ್ತೆ.

ಆ ಕಾರಣಕ್ಕೇ ನನ್ನ ಪಾಲಿಗೆ ಫೋರ್ಟ್ ರೈಲಿ ಅಂದರೆ ಗೇಟಿನ ಹೊರಗಿನ ಜಂಕ್ಷನ್ ಸಿಟಿ. ಬಿಗ್ ರೆಡ್ ಒನ್ ಅನ್ನೋ ಒಂದನೇ ಡಿವಿಷನ್ 1955ರಲ್ಲಿ ಜರ್ಮನಿಯಿಂದ ಇಲ್ಲಿಗೆ ಬಂತು. 1965ರಲ್ಲಿ ವಿಯೆಟ್ನಾಂಗೆ ಹೋಯಿತು, 1970ರಲ್ಲಿ ವಾಪಸ್. 1996ರಲ್ಲಿ ಹೆಡ್‌ಕ್ವಾರ್ಟರ್ಸ್ ಮತ್ತೆ ಜರ್ಮನಿಗೆ, 2006ರಲ್ಲಿ ಮತ್ತೆ ಇಲ್ಲಿಗೆ. ಪ್ರತಿ ಸಲವೂ ಊರಿನ ಅಂಗಡಿ, ಬಾಡಿಗೆ ಮನೆ, ಶಾಲೆ ಎಲ್ಲಾ ಏರಿ ಇಳಿದವು. ಸೈನಿಕರ ಕೈ ಹಿಡಿದು ಬಂದ ಜರ್ಮನ್, ಕೊರಿಯನ್ ಹೆಂಗಸರು ಮಾತ್ರ ಇಲ್ಲೇ ಬೇರುಬಿಟ್ಟರು.

ನಾನು ಬ್ಲೌಸು ಬಿಗಿ ಆದಾಗೆಲ್ಲ ಹೋಗುವ ಟೈಲರ್ ಅಂಗಡಿ ಒಂದು ಕೊರಿಯನ್ ಅಜ್ಜಿಯದ್ದು. ಹೊಲಿಗೆ ಮಷೀನಿನ ಪಕ್ಕ ಹಳೇ ಬಿಸ್ಕತ್ ಡಬ್ಬಿ, ಅದರ ತುಂಬ ತೋಳಿನ ಪಟ್ಟಿಗಳು, ಹಸಿರು ಬಟ್ಟೆಯ ಮೇಲೆ ಕೆಂಪು ಬಣ್ಣದ ಅಂಕಿ 1. "ಈಗಿನ ಯೂನಿಫಾರ್ಮಿಗೆ ಎಲ್ಲಾ ವೆಲ್ಕ್ರೋ, ಹುಡುಗರೇ ಅಂಟಿಸಿಕೊಳ್ಳುತ್ತಾರೆ, ನನಗೆ ಕೆಲಸ ಇಲ್ಲ" ಅಂತ ಗೊಣಗುತ್ತಾರೆ. ಮದುವೆಗೋ ಪರೇಡಿಗೋ ಹಾಕುವ ಡ್ರೆಸ್ ಯೂನಿಫಾರ್ಮ್ ಬಂದರೆ ಮುಖ ಅರಳುತ್ತೆ. ಪಟ್ಟಿಯನ್ನು ಭುಜದ ಹೊಲಿಗೆಯಿಂದ ಅಳೆದು, ಗುಂಡುಪಿನ್ನು ಬಾಯಲ್ಲಿ ಕಚ್ಚಿಕೊಂಡೇ ಆ ಆರಡಿ ಹುಡುಗನಿಗೆ ನೆಟ್ಟಗೆ ನಿಲ್ಲು ಅಂತ ಗದರುತ್ತಾರೆ. ಅವನು ಯೆಸ್ ಮ್ಯಾಮ್ ಅಂತ ನಿಲ್ಲುತ್ತಾನೆ. ನನ್ನನ್ನು ಕೇಳಿದರೆ ಈ ಕೋಟೆಯ ಜನರಲ್ ಅವರೇ.

"ಅಮೆರಿಕದವರ ಇತಿಹಾಸ, ನಮಗ್ಯಾಕೆ ಉಸಾಬರಿ" ಅನ್ನುವವರು ಕಾಮೆಂಟ್ ಹಾಕುವ ಮೊದಲು ಒಂದು ಮಾತು. ಫಿರಂಗಿ ಅಭ್ಯಾಸ ಇದ್ದ ದಿನ ನನ್ನ ಅಡುಗೆಮನೆ ಕಿಟಕಿ ಗಡಗಡ ಅನ್ನುತ್ತೆ, ಏಪ್ರಿಲ್‌ನಲ್ಲಿ ಹುಲ್ಲಿಗೆ ಬೆಂಕಿ ಇಟ್ಟ ಹೊಗೆ ಒಣಹಾಕಿದ ಬಟ್ಟೆಗೆ ಬಡಿಯುತ್ತೆ. ಉಸಾಬರಿ ಅಂತ ಬಿಡೋಕೆ ಅದು ನನ್ನನ್ನು ಬಿಡಬೇಕಲ್ಲ.

ಮುಂದೆ ಬರುವ ನೆಂಟರಿಗೆ ಈಗಲೇ ಹೇಳಿಬಿಡ್ತೀನಿ. ಮೊದಲು ಪಾನೀ ಕಟ್ಟಡ. ಆಮೇಲೆ ಜಂಕ್ಷನ್ ಸಿಟಿಯಲ್ಲಿ ಕಿಮ್ಚಿ ಜೊತೆ ಬಿಸಿ ಅನ್ನ, ದುಡ್ಡು ನನ್ನದು. ಕಸ್ಟರ್ ಹೌಸ್‌ಗೆ ಹೋಗಬೇಕು ಅಂದರೆ ನಮ್ಮವರ ಜೊತೆ ಹೋಗಿ, ನಾನು ಕಾರಲ್ಲಿ ಕೂತು ಕಡಲೆಕಾಯಿ ತಿನ್ನುತ್ತಿರುತ್ತೇನೆ.