ಯಾವ ಲೇಸರ್ ಅಂತ ಕೇಳಿದ್ದಷ್ಟೇ ನಾನು

ಮದುವೆ ಆಗಿದ್ಯಾ ಅಂತ ಕೇಳೋಕೆ ಅವಳ್ಯಾರು?

ತೋಳಿನ ಗುಳ್ಳೆಗೆ ಲೇಸರ್ ವಿಚಾರಿಸೋಕೆ ಚರ್ಮದ ಕ್ಲಿನಿಕ್ಕಿಗೆ ಹೋದವನು ನಾನು. ಅದೂ ಹಾಲ್ ತುಂಬಾ ಜನ ಕೂತಿರುವಾಗ! ಸಿಟ್ಟು ಇನ್ನೂ ಇಳಿದಿಲ್ಲ. ಊಟಕ್ಕೆ ಕೂತರೂ ಅದೇ ದನಿ ಕಿವಿಯಲ್ಲಿ. "ಎಂತಾತೋ ತಮಾ?" ಅಂತ ಆಯಿ ಕೇಳಿದಳು. ಏನಂತ ಹೇಳಲಿ? ತಲೆ ನೋವು ಅಂದೆ.

ಡಾಕ್ಟರ್ ಇಲ್ಲ ಅನ್ನೋದು ಒಳಗೆ ಹೋಗಿ ಫೈಲ್ ಮಾಡಿಸಿ ದುಡ್ಡು ಕಟ್ಟಿದ ಮೇಲೆ ಗೊತ್ತಾಗುವ ಸಂಗತಿ. ಅವರು ತಿಂಗಳಿಗೊಮ್ಮೆ ಶಿರಸಿಗೆ ಬರುತ್ತಾರಂತೆ. ಉಳಿದ ದಿನ ಈ ಕೌನ್ಸೆಲರ್ ಮೇಡಂ. "ತೋಳು ಮೇಲೆ ಮಾಡಿ ಸರ್" ಅಂದರು. ಒಳಗೆ ರೂಮ್ ಇಲ್ವಾ ಅಂದೆ. "ಇಲ್ಲೇ ಬೆಳಕು ಚೆನ್ನಾಗಿದೆ." ಬೆಳಕು ಚೆನ್ನಾಗಿದೆ ಅಂದವರು ಮತ್ತೆ ಮೊಬೈಲ್ ಟಾರ್ಚ್ ಯಾಕೆ ಹಾಕಿದರು?

ಟಾರ್ಚ್ ಹಾಕಿ ಹೆಬ್ಬೆರಳ ಉಗುರಿನಿಂದ ನನ್ನ ತೋಳು ಕೆರೆದರು. ಉಗುರಿನ ನೇರಳೆ ಬಣ್ಣ ತುದಿಯಲ್ಲಿ ಎದ್ದು ಹೋಗಿತ್ತು. ನಾನು ಅದನ್ನೇ ನೋಡುತ್ತಾ ಕೂತೆ. ತಲೆ ಎತ್ತಿದರೆ ಎದುರಿನ ಬೆಂಚಿನವರ ಮುಖ ಕಾಣುತ್ತಿತ್ತಲ್ಲ. ಕೆರೆದ ಕಡೆ ಬಿಳಿ ಪುಡಿ ಎದ್ದಿತು. ಒಂದೊಂದು ಕೂದಲಿನ ಬುಡದಲ್ಲೂ ಒಂದು ಸಣ್ಣ ಗುಳ್ಳೆ, ಕೆಲವು ಬರೀ ಕಂದು ಚುಕ್ಕೆ. ನನಗೆ ಗೊತ್ತಿರುವ ತೋಳೇ ಅದು. ಆದರೆ ಟಾರ್ಚಿನ ಬೆಳಕಲ್ಲಿ ಯಾರದೋ ಅನ್ನಿಸಿತು.

"ಓ, ಚಿಕನ್ ಸ್ಕಿನ್ನು!" ಅಂದರು, ಔಷಧಿ ಕೌಂಟರ್‌ವರೆಗೂ ಕೇಳುವ ಹಾಗೆ. ಅಷ್ಟಕ್ಕೇ ಬಿಡಲಿಲ್ಲ. "ಬಾರೇ ಇಲ್ಲಿ, ನೋಡು" ಅಂತ ಇನ್ನೊಬ್ಬ ಹುಡುಗಿಯನ್ನು ಕರೆದರು. ಅವಳೂ ಬಂದು ಸವರಿದಳು. ಒಂದು ಮಗು "ಅಮ್ಮಾ, ಅಂಕಲ್ ಕೈಗೆ ಎಂತಾಯ್ತು?" ಅಂತು. ಅಮ್ಮ ಅದರ ಕೈ ಹಿಡಿದು ಸ್ವಲ್ಪ ದೂರ ಎಳೆದುಕೊಂಡಳು. ಅಂಟು ರೋಗ ಅಲ್ಲ ತಾಯೀ ಇದು!

ಆಮೇಲೆ ಬಂತು ಅದು.

"ಮದುವೆ ಆಗಿದ್ಯಾ ಸರ್?"

ಇಲ್ಲ.

"ಹುಡುಗಿ ನೋಡ್ತಾ ಇದೀರಾ?"

ಹಾಂ.

"ಮತ್ತೆ! ಇದಕ್ಕೇ ಇರ್ಬೇಕು ನೋಡಿ."

ಯಾರೋ ಕಿಸಕ್ ಅಂದರು. ತಿರುಗಿದರೆ ಅಡಕೆ ಮಂಡಿಯಲ್ಲಿ ದಿನಾ ಸಿಗುವ ಹೆಗಡೆಯವರು. "ಎಂತಾ ತಮಾ, ಆರಾಮಿಲ್ಯ?" ಅಂತ ಕೇಳಿದರು. ಪಾಪ, ಒಳ್ಳೆ ಮನಸ್ಸಿನಿಂದಲೇ. ಆದರೆ ನಾಳೆ ಇಡೀ ಮಂಡಿಗೆ ಗೊತ್ತಿರುತ್ತದೆ.

ಹುಡುಗಿ ಸಿಗದ ಕಾರಣ ನನಗೆ ಗೊತ್ತಿಲ್ವಾ? ತೋಟದ ಮನೆ ಅಂದರೆ ಬೇಡ. ಬೆಂಗಳೂರಲ್ಲಿ ಕೆಲಸ ಇಲ್ಲ ಅಂದರೆ ಬೇಡ. ಮಳೆಗಾಲದಲ್ಲಿ ನೆಟ್‌ವರ್ಕ್ ಇರಲ್ಲ ಅಂದರಂತೂ ಫೋನೇ ಕಟ್. ಜಾತಕದಲ್ಲೇ ಮುಗಿದು ಹೋಗುವ ಸಂಬಂಧಗಳಿವು. ನನ್ನ ತೋಳಿನವರೆಗೆ ಯಾವ ಪುಣ್ಯಾತ್ಗಿತ್ತಿಯೂ ಬಂದೇ ಇಲ್ಲ ಮೇಡಂ! ಅಲ್ಲಿವರೆಗೆ ಬಂದು ಬೇಡ ಅಂದಿದ್ದರೆ ಅದೇ ಒಂದು ಸಾಧನೆ ಅಂತ ಮಂಡಿಯಲ್ಲಿ ಲಾಡು ಹಂಚುತ್ತಿದ್ದೆ.

ನಾನು ಕೇಳಿದ್ದು ಒಂದೇ ಪ್ರಶ್ನೆ. ಯಾವ ಲೇಸರ್? "ಅಡ್ವಾನ್ಸ್ಡ್ ಲೇಸರ್ ಸರ್." ಹೆಸರು? "ಫಾರಿನ್ ಮಷಿನ್ ಸರ್." ನನ್ನಂಥ ಕಪ್ಪು ಚರ್ಮಕ್ಕೆ ಆಗುತ್ತಾ? "ಎಲ್ರಿಗೂ ಆಗುತ್ತೆ ಸರ್, ಪರ್ಮನೆಂಟ್ ರಿಸಲ್ಟ್."

ಸುಳ್ಳು. ಅವರ ಚಿಕನ್ ಸ್ಕಿನ್ನಿಗೆ, ಅಂದರೆ ಕೆರಟೋಸಿಸ್ ಪಿಲಾರಿಸ್‌ಗೆ ಪರ್ಮನೆಂಟ್ ಅನ್ನೋದೇ ಇಲ್ಲ. ಚರ್ಮದಲ್ಲಿರುವ ಕೆರಟಿನ್ ಅನ್ನೋ ಪ್ರೋಟೀನ್ ಗಟ್ಟಿಯಾಗಿ ಕೂದಲ ರಂಧ್ರದ ಬಾಯಿಗೆ ಬಿರಡೆ ಹಾಕಿದ ಹಾಗೆ ಕೂರುತ್ತದೆ, ಅಷ್ಟೇ. ಹೆಚ್ಚಾಗಿ ಮನೆತನದಲ್ಲೇ ಬರುತ್ತದೆ. ಅಪ್ಪನ ತೋಳು ಮುಟ್ಟಿ ನೋಡಿದರೆ ಸಾಕು. ಆರೋಗ್ಯಕ್ಕೆ ಏನೂ ಆಗಲ್ಲ. ಚಳಿಗಾಲದಲ್ಲಿ ಜಾಸ್ತಿ, ಮಳೆಗಾಲದಲ್ಲಿ ಕಮ್ಮಿ, ಎಷ್ಟೋ ಜನರಿಗೆ ವಯಸ್ಸಾದ ಹಾಗೆ ತಾನೇ ಇಳಿಯುತ್ತದೆ. ಯೂರಿಯಾ ಅಥವಾ ಲ್ಯಾಕ್ಟಿಕ್ ಆಸಿಡ್ ಇರುವ ಕ್ರೀಮ್ ಹಚ್ಚಿದರೆ ಮೆತ್ತಗಾಗುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ. ಆಯಿ ಮುರುಗಲ ತುಪ್ಪ ಹಚ್ಚು ಅಂತಾಳೆ. ಗುಳ್ಳೆ ಹೋಗಲ್ಲ, ಒರಟು ಸ್ವಲ್ಪ ಕಮ್ಮಿ ಆಗುತ್ತದೆ. ಅವಳಾದರೂ ಪರ್ಮನೆಂಟ್ ಅನ್ನಲ್ಲ, ಅಡ್ವಾನ್ಸೂ ಕೇಳಲ್ಲ.

ಲೇಸರ್ ಸುಳ್ಳು ಅಂತ ನಾನು ಹೇಳ್ತಿಲ್ಲ. ಓದಿಕೊಂಡೇ ಹೋಗಿದ್ದೆ. ಲೇಸರ್ ಬೆಳಕಿನ ಅಲೆಯ ಉದ್ದವನ್ನು ನ್ಯಾನೋಮೀಟರಿನಲ್ಲಿ ಹೇಳುತ್ತಾರೆ, ಯಾವುದಕ್ಕೆ ಯಾವ ಲೇಸರ್ ಅನ್ನೋದು ಅದರ ಮೇಲೆ. 595 ನ್ಯಾನೋಮೀಟರಿನ ಡೈ ಲೇಸರ್ ಮುಖ್ಯವಾಗಿ ಕೆಂಪು ಇಳಿಸೋಕೆ. ಒರಟಿಗೆ 810ರ ಡಯೋಡ್ ಲೇಸರ್ ಹಾಕಿ ನೋಡಿದ ಒಂದು ಸಣ್ಣ ಅಧ್ಯಯನ 2015ರಲ್ಲಿ ಅಮೆರಿಕದಲ್ಲಿ ಪ್ರಕಟ ಆಯ್ತು. ಒಂದು ತೋಳಿಗೆ ಲೇಸರ್, ಇನ್ನೊಂದನ್ನು ಹಾಗೇ ಬಿಟ್ಟರು. ಒರಟು ಕಮ್ಮಿ ಆಯ್ತು, ಕೆಂಪು ಆಗಲಿಲ್ಲ. ಆದರೆ ಅಲ್ಲಿದ್ದವರೆಲ್ಲ ತಿಳಿ ಬಣ್ಣದ ಚರ್ಮದವರು. ನಾನು ಅಡಕೆ ಕೊನೆ ಕೊಯ್ಲಿನಲ್ಲಿ ಬಿಸಿಲಿಗೆ ಒಣಗಿದವನು. ಆ ಲೇಸರ್ ಹಿಡಿಯೋದೇ ಚರ್ಮದಲ್ಲೂ ಕೂದಲಲ್ಲೂ ಇರುವ, ಬಣ್ಣ ಕೊಡುವ ಮೆಲನಿನ್ನನ್ನು. ಲೆಕ್ಕ ತಪ್ಪಿದರೆ ಸುಟ್ಟು ಕಪ್ಪು ಕಲೆ ಉಳಿಯುತ್ತದೆ. ಅದಕ್ಕೇ ಕಪ್ಪು ಚರ್ಮಕ್ಕೆ 1064ರದ್ದು ವಾಸಿ ಅಂತಾರೆ. ಹಾಗಾಗಿ ಕೇಳಿದೆ. ತಪ್ಪಾ? ಯಾರಾದರೂ ಹೇಳಿ, ತಪ್ಪಾ?

ಹೋಗಲಿ ಬಿಡಿ. ಅರ್ಧ ತೋಳಿನ ಶರ್ಟ್ ಹಾಕದಿದ್ದರೆ ಏನು ಗಂಟು ಹೋಗುತ್ತದೆ? ನನಗಂತೂ ಇದು ಬೇಡವೇ ಬೇಡ. ಆದರೆ ಡಾಕ್ಟರ್ ಬರುವ ದಿನ ಯಾವುದು ಅಂತ ಗೊತ್ತಿದ್ದವರು ತಿಳಿಸಿ. ಹೋಗೋಕಲ್ಲ. ಸುಮ್ನೆ. ಸರಿ, ಹೋಗೋಕೇ. ಇಲ್ಲದಿದ್ದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕು. ಈ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಅದೇನು ಹೊಸದಾ?

ಇಷ್ಟು ಬರೆಯುವಷ್ಟರಲ್ಲಿ ವಾಟ್ಸಾಪ್ ಬಂತು. "ಹಾಯ್ ಸರ್, ಮದುವೆ ಸೀಸನ್ ಆಫರ್ ಇದೆ, ಅಡ್ವಾನ್ಸ್ ಹಾಕ್ತೀರಾ?" ಮೊದಲು ಎಷ್ಟು ನ್ಯಾನೋಮೀಟರ್ ಹೇಳಿ ಅಂತ ಹಾಕಿದೆ.

"ನಮ್ಮಲ್ಲಿ ಮೀಟರ್ ಲೆಕ್ಕ ಇಲ್ಲ ಸರ್, ಸಿಟಿಂಗ್ ಲೆಕ್ಕ."