ನರಕೋಶಕ್ಕೂ ಮಾರ್ಚ್ 31 ಗೊತ್ತಿರಬೇಕು

ಫೆಲೋಶಿಪ್ ಹಣ ತಿಂಗಳುಗಟ್ಟಲೆ ಬಂದಿಲ್ಲ ಎಂದು ಇನ್‌ಸ್ಪೈರ್ ಫೆಲೋಗಳು ಗೋಳಿಟ್ಟ ಸುದ್ದಿ ನೀವೂ ಓದಿರುತ್ತೀರಿ. ಪಿಎಚ್‌ಡಿ ಮಾಡುವವರಿಗೆ ಕೇಂದ್ರ ಸರ್ಕಾರ ಕೊಡುವ ಈ ಇನ್‌ಸ್ಪೈರ್ ಸಿಗಲು ಸಾಮಾನ್ಯವಾಗಿ ಎಂ.ಎಸ್ಸಿ.ಯಲ್ಲಿ ವಿಶ್ವವಿದ್ಯಾಲಯಕ್ಕೇ ಮೊದಲಿಗರಾಗಿರಬೇಕು. ಅಂದರೆ ರ‍್ಯಾಂಕ್ ಬಂದವರನ್ನು ಹುಡುಕಿ, ಆರಿಸಿ, ಹಾರ ಹಾಕಿ, ಆಮೇಲೆ ಉಪವಾಸ ಕೂರಿಸುವ ಯೋಜನೆ. ಸಿಕ್ಕಸಿಕ್ಕವರನ್ನು ಉಪವಾಸ ಕೆಡವುವುದು ಯಾವ ಸರ್ಕಾರಕ್ಕೂ ಬರುತ್ತದೆ. ಮೆರಿಟ್ ಪ್ರಕಾರ ಕೆಡವಲು ದೂರದೃಷ್ಟಿ ಬೇಕು.

ಅದರಲ್ಲೂ ಮೆದುಳಿನ ಕಾಯಿಲೆಗಳ ಮೇಲೆ ಕೆಲಸ ಮಾಡುತ್ತೇನೆಂದು ಹೊರಟವರ ಪುಣ್ಯವೇ ಬೇರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಜೊತೆ ಎನ್‌ಸಿಬಿಎಸ್, ಇನ್‌ಸ್ಟೆಮ್ ಎಂಬ ಜೀವವಿಜ್ಞಾನ ಸಂಸ್ಥೆಗಳು ಕೂಡಿ ಮಾಡುವ ಒಂದು ಕೆಲಸವಿದೆ. ಒಂದೇ ಮನೆಯಲ್ಲಿ ಹಲವರಿಗೆ ತೀವ್ರ ಮಾನಸಿಕ ಕಾಯಿಲೆ ಇರುವ ಕುಟುಂಬಗಳಿಂದ ರಕ್ತ ಪಡೆದು, ಅದರ ಕೋಶಗಳನ್ನು ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ ಸ್ಟೆಮ್ ಸೆಲ್ ಆಗಿಸಿ, ಅವುಗಳಿಂದ ನರಕೋಶ ಬೆಳೆಸುತ್ತಾರೆ. ಸ್ಟೆಮ್ ಸೆಲ್‌ಗಳಿಗೆ ಪೋಷಕದ್ರವ ದಿನಾ ಬದಲಿಸಬೇಕು. ಭಾನುವಾರವೂ, ಗೌರಿ ಹಬ್ಬಕ್ಕೂ, ಬಂದ್ ದಿನವೂ. ಅವು ಕೂರುವ ತಟ್ಟೆಗೆ ಬಳಿಯುವ ಮ್ಯಾಟ್ರಿಜೆಲ್ ಎಂಬ ಲೇಪ 10 ಡಿಗ್ರಿ ದಾಟಿದರೆ ಗಟ್ಟಿಯಾಗತೊಡಗುತ್ತದೆ. ಆದ್ದರಿಂದ ರಾತ್ರಿಯಿಡೀ ಐಸ್ ಮೇಲೆ ಕರಗಿಸಿ, ಪಿಪೆಟ್ ತುದಿಗಳನ್ನೂ ಮೊದಲೇ ತಣ್ಣಗಾಗಿಸಿ ಹಾಕಬೇಕು. ಇಷ್ಟು ಉಪಚಾರ ಮಾಡಿದರೆ ಅವು ಒಂದಕ್ಕೊಂದು ಮಾತಾಡುವ ನರಕೋಶಗಳಾಗಲು ಎರಡು-ಮೂರು ತಿಂಗಳು ಹಿಡಿಯುತ್ತದೆ. ನಡುವೆ ಪೋಷಕದ್ರವ ಮುಗಿದು, ಹೊಸದು ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಕೂತರೆ, ಕೋಶಗಳು ತಮಗೆ ತೋಚಿದ ದಾರಿ ಹಿಡಿಯುತ್ತವೆ ಅಥವಾ ಸಾಯುತ್ತವೆ. ಮತ್ತೆ ದ್ರವಸಾರಜನಕದಲ್ಲಿ ಹೆಪ್ಪುಗಟ್ಟಿಸಿಟ್ಟ ಕೋಶಗಳ ಒಂದು ಶೀಶೆ ಎತ್ತಿ ಮೊದಲಿನಿಂದ ಶುರು.

ಈ ಕೋಶಗಳಲ್ಲಿ ಒಂದು ದೊಡ್ಡ ದೋಷವಿದೆ, ಯಾವ ಸಂಶೋಧನಾ ಪತ್ರಿಕೆಯೂ ಅದನ್ನು ಬರೆದಿಲ್ಲ. ಅವಕ್ಕೆ ಹಣಕಾಸು ವರ್ಷ ಗೊತ್ತಿಲ್ಲ.

ಅನುದಾನದ ಮೊದಲ ಕಂತು ಜನವರಿಯಲ್ಲಿ ಬಂತು ಎಂದಿಟ್ಟುಕೊಳ್ಳಿ. ಮಾರ್ಚ್ 31ರೊಳಗೆ ಖರ್ಚಾಗದೇ ಉಳಿದದ್ದು ವಾಪಸ್. ಕೋಶದಲ್ಲಿ ಬೇಕಾದ ಪ್ರೋಟೀನನ್ನು ಹುಡುಕಿ ಹಿಡಿಯಲೆಂದು ಫೆಬ್ರುವರಿಯಲ್ಲಿ ಆರ್ಡರ್ ಹಾಕಿದ ಆಂಟಿಬಾಡಿ ಅಮೆರಿಕದಿಂದ ಹೊರಟು, ಡ್ರೈ ಐಸ್‌ನಲ್ಲಿ ಕೂತು, ಸುಂಕದ ಕಟ್ಟೆ ದಾಟಿ ಲ್ಯಾಬ್ ತಲುಪುವುದು ಏಪ್ರಿಲ್‌ಗೋ ಮೇಗೋ. ಅಷ್ಟರಲ್ಲಿ ಅದರ ದುಡ್ಡು ಖಜಾನೆ ಸೇರಿರುತ್ತದೆ. ಮುಂದಿನ ಕಂತು ಬೇಕಾದರೆ ಯುಸಿ ಕೊಡಿ. ಯುಸಿ ಎಂದರೆ ಬಳಕೆ ಪ್ರಮಾಣಪತ್ರ, ನಮೂನೆ 12-ಎ. ಜೊತೆಗೆ ಖರ್ಚಿನ ಪಟ್ಟಿ, ಆಡಿಟರ್ ಸಹಿ, ಮತ್ತು ಅನುದಾನದ ಖಾತೆಯಲ್ಲಿ ಹುಟ್ಟಿದ ಬಡ್ಡಿಯನ್ನು ಭಾರತಕೋಶ್ ಪೋರ್ಟಲ್‌ನಲ್ಲಿ ಕಟ್ಟಿದ ರಸೀದಿ. ಬಡ್ಡಿ ಇನ್ನೂರು ರೂಪಾಯಿ ಆಗಿದ್ದರೂ ಸರಿ, ಚಿಲ್ಲರೆ ಸಮೇತ ಬರಬೇಕು. ಸರ್ಕಾರ ಎಂಟು ತಿಂಗಳು ತಡ ಮಾಡಿದ ಹಣಕ್ಕೆ ಬಡ್ಡಿ ಯಾರು ಕೊಡುತ್ತಾರೆ ಎಂದು ಮಾತ್ರ ಕೇಳಬಾರದು. ಅದಕ್ಕೆ ನಮೂನೆಯೇ ಇಲ್ಲ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಿದ್ದರು. ಈಗ ಪೂಜಾರಿ ಪಾಪದವನು, ಪೋರ್ಟಲ್ ಕೊಡದು.

ಸರ್ಕಾರಿ ಸಂಸ್ಥೆಗಳು ಸಾಮಾನು ಕೊಳ್ಳುವ ಜೆಮ್ ಪೋರ್ಟಲ್ಲನ್ನೇ ನೋಡಿ. ಕುರ್ಚಿ, ಬಕೆಟ್, ಪ್ರಿಂಟರ್ ಕೊಳ್ಳಲು ಅದು ಬಲು ಚೆನ್ನ. ಎಲ್ಲರಿಗಿಂತ ಕಡಿಮೆ ದರ ಹೇಳಿದವನಿಗೆ ಆರ್ಡರ್. ಆದರೆ ಆಂಟಿಬಾಡಿ ಬಕೆಟ್ ಅಲ್ಲ. ಒಂದೇ ಪ್ರೋಟೀನನ್ನು ಹಿಡಿಯುತ್ತೇವೆ ಎನ್ನುವ ಹತ್ತು ಆಂಟಿಬಾಡಿಗಳಲ್ಲಿ ನಿಮ್ಮ ಅಂಗಾಂಶದಲ್ಲಿ ನಿಜಕ್ಕೂ ಹಿಡಿಯುವುದು ಒಂದೋ ಎರಡೋ. ಅದು ಯಾವುದೆಂದು ತಿಳಿಯಲು ತಿಂಗಳುಗಳು ಬೇಕು. ಆ ಆಂಟಿಬಾಡಿ ಬಿಟ್ಟು ಅಗ್ಗದ ಇನ್ನೊಂದನ್ನು ತಂದುಕೊಟ್ಟರೆ ಹಳೆಯ ಫಲಿತಾಂಶಕ್ಕೂ ಹೊಸದಕ್ಕೂ ತಾಳೆಯೇ ಆಗದು. ನೂರು ಮೈಕ್ರೋಲೀಟರ್, ಅಂದರೆ ಎರಡು ಹನಿಯಷ್ಟು ದ್ರವಕ್ಕೆ ಒಬ್ಬ ಫೆಲೋನ ತಿಂಗಳ ಸಂಬಳಕ್ಕಿಂತ ಹೆಚ್ಚು ಬೆಲೆ ಆಗುವುದುಂಟು. 2025ರ ಜೂನ್‌ನಲ್ಲಿ ವೈಜ್ಞಾನಿಕ ಖರೀದಿಗೆ ಜೆಮ್‌ನಿಂದ ವಿನಾಯಿತಿ ಕೊಟ್ಟರು. ಒಳ್ಳೆಯದಾಯಿತು. ಇಷ್ಟು ಸರಳ ವಿಷಯ ಹೊಳೆಯಲು ಎಷ್ಟು ಪಿಎಚ್‌ಡಿಗಳು ಮುದಿಯಾದವೋ.

ಇನ್ನು ಸುಂಕದ ಕಥೆ. ಜುಲೈ 22 ವಿಶ್ವ ಮೆದುಳು ದಿನ. 2024ರಲ್ಲಿ ಅದರ ಮಾರನೆಯ ದಿನವೇ ಬಂದ ಬಜೆಟ್‌ನಲ್ಲಿ ಪ್ರಯೋಗಾಲಯದ ರಾಸಾಯನಿಕಗಳ ಆಮದು ಸುಂಕ ಶೇ 10ರಿಂದ ಶೇ 150ಕ್ಕೆ ಹಾರಿತು. ಯಾಕಂತೆ? ಅಪ್ಪಟ ಮದ್ಯಸಾರವನ್ನು ‘ಪ್ರಯೋಗಾಲಯದ ರಾಸಾಯನಿಕ’ ಎಂದು ಚೀಟಿ ಅಂಟಿಸಿ ಒಳತರುವವರಿದ್ದಾರಂತೆ. ಸುಂಕದ ಪುಸ್ತಕದ ಪ್ರಕಾರ ಆ ಹೆಸರಿನಲ್ಲಿ ಬರುವುದು 500 ಗ್ರಾಂ ಅಥವಾ 500 ಮಿಲಿಲೀಟರ್ ಮೀರದ ಪೊಟ್ಟಣಗಳು ಮಾತ್ರ. ಅರ್ಧರ್ಧ ಲೀಟರಿನಲ್ಲಿ ಸಾಮ್ರಾಜ್ಯ ಕಟ್ಟುವ ಆ ಕಳ್ಳಸಾಗಣೆದಾರನ ತಾಳ್ಮೆಗೆ ಒಂದು ಪೋಸ್ಟ್‌ಡಾಕ್ ಹುದ್ದೆ ಕೊಡಬೇಕಿತ್ತು. ಅಂದಹಾಗೆ ಲ್ಯಾಬ್‌ನಲ್ಲಿ ಮದ್ಯಸಾರ ಬೇಕೇ ಬೇಕು. ಕೈಗವಸು, ಮೇಜು ಒರೆಸಲು ನೂರಕ್ಕೆ 70 ಪಾಲು ಮದ್ಯಸಾರಕ್ಕೆ 30 ಪಾಲು ನೀರು. ನೀರಿಲ್ಲದ್ದು ಬೇಗ ಆರಿಹೋಗಿ ಸೂಕ್ಷ್ಮಾಣುಗಳನ್ನು ಸರಿಯಾಗಿ ಕೊಲ್ಲದು. ನೀರು ಬೆರೆಸಿಯೇ ಬಳಸಬೇಕು ಎನ್ನುವುದರಲ್ಲಿ ಮಾತ್ರ ಲ್ಯಾಬಿಗೂ ಬಾರಿಗೂ ಸಹಮತ. ವಿಜ್ಞಾನಿಗಳು ಬೊಬ್ಬೆ ಹೊಡೆದ ಮೇಲೆ ಸುಂಕ ಮತ್ತೆ ಶೇ 10ಕ್ಕೆ ಇಳಿಯಿತು, ‘ನಾವೇ ಬಳಸುತ್ತೇವೆ’ ಎಂಬ ಮುಚ್ಚಳಿಕೆ ಬರೆದುಕೊಡಬೇಕೆಂಬ ಷರತ್ತಿನ ಮೇಲೆ.

ಅದೇ ವರ್ಷ ಐಐಟಿ ದೆಹಲಿಗೆ ಸಂಶೋಧನಾ ಅನುದಾನದ ಮೇಲೆ ಸುಮಾರು 120 ಕೋಟಿ ರೂಪಾಯಿ ಜಿಎಸ್‌ಟಿ ಕೇಳಿ ನೋಟಿಸ್ ಹೋಗಿತ್ತು, ಬಡ್ಡಿ, ದಂಡ ಸಮೇತ. ಮುಂದಿನ ತಿಂಗಳು ಜಿಎಸ್‌ಟಿ ಕೌನ್ಸಿಲ್ ವಿನಾಯಿತಿ ಘೋಷಿಸಿ ಬೆನ್ನು ತಟ್ಟಿಕೊಂಡಿತು. ಮೊದಲು ಹೊಡೆಯುವುದು, ಆಮೇಲೆ ಊದುವುದು.

ಹಾಗಂತ ದೇಶದಲ್ಲಿ ದುಡ್ಡಿಲ್ಲ ಎನ್ನಬೇಡಿ. ಸಂಶೋಧನೆಗೆ ಅನುದಾನ ಹಂಚುವ ಅನುಸಂಧಾನ ಪ್ರತಿಷ್ಠಾನಕ್ಕೆ ಐದು ವರ್ಷಕ್ಕೆ 50,000 ಕೋಟಿ. ಅದರಲ್ಲಿ 36,000 ಕೋಟಿ ಸರ್ಕಾರದ ಹೊರಗಿನಿಂದ, ಅಂದರೆ ಯಾರಾದರೂ ಪುಣ್ಯಾತ್ಮರಿಂದ ಬರುತ್ತದೆಂಬ ಭರವಸೆ. ಹೊಸ ಅಧ್ಯಾಪಕರಿಗೆ ಮೂರು ವರ್ಷಕ್ಕೆ 60 ಲಕ್ಷದವರೆಗಿನ ಅನುದಾನವಿದೆ, ಖಾಯಂ ಹುದ್ದೆ ಇರಬೇಕು ಅಷ್ಟೆ. ಆ ಹುದ್ದೆ ಎಲ್ಲಿದೆ ಎಂದು ಮಾತ್ರ ಅರ್ಜಿಯಲ್ಲಿ ಬರೆದಿಲ್ಲ. ವಿದೇಶದಲ್ಲಿ ನೆಲೆಸಿದವರು ವೈಭವ್ ಫೆಲೋಶಿಪ್‌ನಲ್ಲಿ ವರ್ಷಕ್ಕೆ ಒಂದೆರಡು ತಿಂಗಳು ಬಂದು ಹೋದರೆ ತಿಂಗಳಿಗೆ 4 ಲಕ್ಷ. ಇಲ್ಲೇ ಇದ್ದು ದಿನಾ ಕೋಶಕ್ಕೆ ಊಟ ಹಾಕುವ ಜೆಆರ್‌ಎಫ್‌ಗೆ, ಅಂದರೆ ಕಿರಿಯ ಸಂಶೋಧನಾ ಫೆಲೋಗೆ, ತಿಂಗಳಿಗೆ 37,000, ಅದೂ 2023ರಲ್ಲಿ ಏರಿದ ಮೇಲೆ, ಅದೂ ಬಂದಾಗ. ಪ್ರತಿಭಾ ಪಲಾಯನ ತಡೆಯುವುದು ಹೇಗೆಂದು ಸಮಾವೇಶ ಮಾಡುತ್ತಾರಲ್ಲ, ಉತ್ತರ ಇಲ್ಲೇ ಇದೆ. ಮೊದಲು ಪಲಾಯನ ಮಾಡಿ, ಆಮೇಲೆ ಫೆಲೋಶಿಪ್‌ಗೆ ಬನ್ನಿ.

ನಗು ಇಲ್ಲಿಗೆ ಸಾಕು. ಈ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆಯೆಂಬ ಅಂದಾಜಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಿಂದ 45 ದಾಟಿದವರು ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಬೆಂಗಳೂರಿನ ಐಐಎಸ್‌ಸಿಯ, ಮೆದುಳು ಸಂಶೋಧನಾ ಕೇಂದ್ರದ ಅಧ್ಯಯನಕ್ಕೆ ಬಂದು ರಕ್ತ ಕೊಡುತ್ತಾರೆ, ಎಂಆರ್‌ಐ ಒಳಗೆ ಅಲುಗದೆ ಮಲಗುತ್ತಾರೆ, ನೆನಪಿನ ಪರೀಕ್ಷೆಗೆ ಗಂಟೆಗಟ್ಟಲೆ ಕೂರುತ್ತಾರೆ, ವರ್ಷಗಳ ನಂತರ ಮತ್ತೆ ಬರುತ್ತಾರೆ. ಹೊಲದ ಕೆಲಸ ಬಿಟ್ಟು. ಇಂಥ ಅಧ್ಯಯನಗಳ ಲೆಕ್ಕಾಚಾರ ಮಾಡಬೇಕಾದ ಹುಡುಗ-ಹುಡುಗಿಯರು ದೇಶದ ಎಷ್ಟೋ ಲ್ಯಾಬ್‌ಗಳಲ್ಲಿ ಪಿಜಿ ಬಾಡಿಗೆಗೆ ಅಪ್ಪನಿಗೆ ಫೋನ್ ಮಾಡುತ್ತಿದ್ದಾರೆ. ಫೆಲೋಶಿಪ್ ದಾನವಲ್ಲ. ಮಾಡಿದ ಕೆಲಸದ ಕೂಲಿ. ಕಾರಕೂನನ ಸಂಬಳ ಎಂಟು ತಿಂಗಳು ನಿಂತರೆ ಆ ಕಚೇರಿಯ ಬಾಗಿಲು ತೆರೆಯುತ್ತದೆಯೇ?

ತಡವಾಯಿತೇ, ಚಿಂತೆ ಬೇಡ, ಅದಕ್ಕೂ ವ್ಯವಸ್ಥೆ ಇದೆ. ‘ನೋ ಕಾಸ್ಟ್ ಎಕ್ಸ್‌ಟೆನ್ಶನ್’. ಆರು ತಿಂಗಳು ಸಮಯ ಹೆಚ್ಚು ಸಿಗುತ್ತದೆ, ಹೊಸ ಹಣ ಸಿಗದು. ಆ ಆರು ತಿಂಗಳ ಸಂಬಳವನ್ನು ಅನುದಾನದಲ್ಲಿ ಉಳಿದ ಹಣದಿಂದ ಕೊಡಬೇಕು. ಉಳಿದ ಹಣ ಮಾರ್ಚ್ 31ಕ್ಕೆ ವಾಪಸ್ ಹೋಗಿದೆ. ಅರ್ಜಿಯನ್ನು ಯೋಜನೆಯ ಅವಧಿ ಮುಗಿಯುವ ಮೊದಲೇ ಹಾಕಬೇಕು, ಜೊತೆಗೆ ಯುಸಿ ಲಗತ್ತಿಸಬೇಕು. ಯುಸಿ ಆಡಿಟರ್ ಹತ್ತಿರ ಇದೆ. ಆಡಿಟರ್ ಸೋಮವಾರ ಬರುತ್ತಾರಂತೆ. ಕೋಶಗಳಿಗೆ ಹೇಳಿ.