ಅಡುಗೆ ಮಾಡಿದವರೂ ಕೂತು ಉಣ್ಣುವ ಊಟ

ಕಳೆದ ಚಳಿಗಾಲದಲ್ಲಿ, ಇಂಗ್ಲೆಂಡಿನ ಶೆಫೀಲ್ಡ್‌ನ ನಮ್ಮ ಬೀದಿಯಲ್ಲೇ ಇರುವ ನಿವೃತ್ತ ಶಿಕ್ಷಕಿಯೊಬ್ಬರು ನಮ್ಮ ಮನೆಯವರನ್ನೆಲ್ಲ ರಾತ್ರಿ ಊಟಕ್ಕೆ ಕರೆದಿದ್ದರು. ಏನು ತಿನ್ನುತ್ತೀರಿ, ಏನು ಬಿಡುತ್ತೀರಿ ಎಂದು ಮೊದಲೇ ವಿಚಾರಿಸಿದ್ದರಿಂದ, ನಾವು ಸಸ್ಯಾಹಾರಿಗಳು, ಮಗಳು ಮಾತ್ರ ಹಾಲು, ಮೊಸರು, ತುಪ್ಪವನ್ನೂ ಬಿಟ್ಟು ವೀಗನ್ ಆಗಿದ್ದಾಳೆ ಎಂದು ತಿಳಿಸಿದ್ದೆವು. ಅವಳೊಬ್ಬಳಿಗೆ ಬೇರೆ ಏನಾದರೂ ಮಾಡಿಟ್ಟಿರುತ್ತಾರೆ ಎಂಬುದು ನಮ್ಮ ಎಣಿಕೆಯಾಗಿತ್ತು. ಆದರೆ ಮೇಜಿನ ನಡುವೆ ಬಂದು ಕೂತದ್ದು ಒಂದೇ ಒಂದು ಅಗಲವಾದ ಪಾತ್ರೆ. ತಳದಲ್ಲಿ ತರಕಾರಿ ಮತ್ತು ಕಾಳಿನ ಗಟ್ಟಿ ಪಲ್ಯ, ಮೇಲೆ ಹಿಸುಕಿದ ಆಲೂಗಡ್ಡೆಯ ದಪ್ಪ ಪದರ, ಅದರ ಮೇಲ್ಭಾಗ ಓವನ್ನಿನ ಕಾವಿಗೆ ಹೊಂಬಣ್ಣಕ್ಕೆ ತಿರುಗಿ ಅಲ್ಲಲ್ಲಿ ಗರಿಗರಿಯಾಗಿತ್ತು. ಪೂರ್ತಿ ಪಾತ್ರೆಯೇ ವೀಗನ್. ಅಲ್ಲಿದ್ದ ಎಲ್ಲರಿಗೂ ಅದೇ ಊಟ. ಇದಕ್ಕಿಂತಲೂ ನನ್ನ ಗಮನ ಸೆಳೆದದ್ದು ಇನ್ನೊಂದು. ಪಾತ್ರೆಯನ್ನು ಮೇಜಿನ ಮೇಲಿಟ್ಟು ಕೂತ ಆ ಹಿರಿಯರು, ಊಟ ಮುಗಿಯುವವರೆಗೂ ಒಮ್ಮೆಯೂ ಅಡುಗೆಮನೆಗೆ ಎದ್ದು ಹೋಗಲಿಲ್ಲ. ನಾವು ಉಂಡಷ್ಟೇ ಬಿಸಿಯಾದ ಊಟವನ್ನು, ನಮ್ಮ ಜೊತೆಗೇ, ಮಾತಾಡುತ್ತ ಅವರೂ ಉಂಡರು.

ಅಡುಗೆ ಮಾಡಿದ ಹೆಂಗಸು ಬಂದವರ ಜೊತೆ ಕೂತು ಬಿಸಿ ಊಟ ಮಾಡುವುದನ್ನು, ಹಾಸನದ ಹತ್ತಿರದ ನಮ್ಮ ಮನೆಯಲ್ಲಿ ನಾನು ಕಂಡ ನೆನಪಿಲ್ಲ. ಅದಕ್ಕಾಗಿಯೇ ಆ ಅಡುಗೆಯನ್ನು ಕಲಿತೆ, ಅದಕ್ಕಾಗಿಯೇ ಈ ಬರಹ.

ಇಲ್ಲಿಯವರಿಗೆ ಅದು ತೀರಾ ಮಾಮೂಲಿ ಮನೆಯೂಟ. ಕುರಿಮಾಂಸದ ಕೈಮಾದಿಂದ ಮಾಡಿದರೆ ಶೆಪರ್ಡ್ಸ್ ಪೈ, ದನದ ಮಾಂಸದ್ದಾದರೆ ಕಾಟೇಜ್ ಪೈ ಎನ್ನುತ್ತಾರೆ. ಭಾನುವಾರ ಸುಟ್ಟ ಮಾಂಸದಲ್ಲಿ ಉಳಿದದ್ದನ್ನು ಸೋಮವಾರ ಕೊಚ್ಚಿ, ಮೇಲೆ ಆಲೂಗಡ್ಡೆ ಮುಚ್ಚಿ ಬೇಯಿಸುವುದು ಹಳೆಯ ರೂಢಿ. ಮಾಂಸವಿಲ್ಲದ ಬಗೆಗೂ ಇಲ್ಲಿ ಸಾಕಷ್ಟು ಹಿಂದಿನ ಚರಿತ್ರೆಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಾಂಸ, ಬೆಣ್ಣೆ, ಸಕ್ಕರೆಗೆಲ್ಲ ರೇಷನ್ ಬಂದಾಗ, ಲಂಡನ್ನಿನ ಸವಾಯ್ ಹೋಟೆಲಿನ ಮುಖ್ಯ ಬಾಣಸಿಗ ಫ್ರಾನ್ಸಿಸ್ ಲಾಟ್ರಿ ಬರಿಯ ತರಕಾರಿಯ ಒಂದು ಪೈ ರೂಪಿಸಿದರು. ಆಹಾರ ಸಚಿವ ಲಾರ್ಡ್ ವೂಲ್ಟನ್ ಅವರ ಹೆಸರಿನಿಂದ ಅದು ವೂಲ್ಟನ್ ಪೈ ಎನಿಸಿಕೊಂಡು, 1941ರಲ್ಲಿ ಪತ್ರಿಕೆಯಲ್ಲೂ ಪ್ರಕಟವಾಯಿತು. ಆಲೂಗಡ್ಡೆ, ಹೂಕೋಸು, ಕ್ಯಾರೆಟ್ಟು, ಸ್ವೀಡ್ ಗೆಡ್ಡೆ, ಗಟ್ಟಿಯಾಗಲು ಸ್ವಲ್ಪ ಓಟ್ಸ್: ಕೊರತೆಯ ಕಾಲದಲ್ಲಿ ಸಿಗುತ್ತಿದ್ದುದೇ ಅಷ್ಟು. ಆ ರೇಷನ್ ನಡೆಯುತ್ತಿದ್ದಾಗಲೇ, 1944ರ ನವೆಂಬರಿನಲ್ಲಿ, ಡೊನಾಲ್ಡ್ ವಾಟ್ಸನ್ ಮತ್ತು ಕೆಲವು ಸಂಗಡಿಗರು ಇದೇ ದೇಶದಲ್ಲಿ ವೀಗನ್ ಸೊಸೈಟಿಯನ್ನು ಕಟ್ಟಿದರು. ಅದರ ಐವತ್ತನೆಯ ವರ್ಷವಾದ 1994ರಿಂದ ಪ್ರತಿ ನವೆಂಬರ್ 1ರಂದು ವಿಶ್ವ ವೀಗನ್ ದಿನ ನಡೆಯುತ್ತಿದೆ. ರಾಜ್ಯೋತ್ಸವದ ದಿನವೇ ಅದೂ ಬರುವುದರಿಂದ ಮಗಳಿಗೆ ಎರಡು ಹಬ್ಬ. ಆ ದಿನ ಈಗ ನಮ್ಮ ಮನೆಯಲ್ಲಿ ಮಾಡುವುದು ಈ ಪೈಯನ್ನೇ.

ಮಾಡುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅಡುಗೆ ಮಾಡಿದವರನ್ನು ಕೂರಿಸುವ ಗುಟ್ಟು ಆ ಕ್ರಮದಲ್ಲೇ ಇದೆ. ಆರು ಜನಕ್ಕೆ ಒಂದೂಕಾಲು ಕಿಲೋ ಆಲೂಗಡ್ಡೆ ಬೇಕು. ಮ್ಯಾರಿಸ್ ಪೈಪರ್ ಅಥವಾ ಕಿಂಗ್ ಎಡ್ವರ್ಡ್‌ನಂಥ, ಬೆಂದರೆ ಹುಡಿಹುಡಿಯಾಗುವ ಜಾತಿ ಒಳ್ಳೆಯದು. ಸಿಪ್ಪೆ ತೆಗೆದು ಒಂದೇ ಅಳತೆಯ ಹೋಳು ಮಾಡಿ, ಉಪ್ಪು ಹಾಕಿದ ತಣ್ಣೀರಿನಲ್ಲೇ ಒಲೆಯ ಮೇಲಿಡಬೇಕು. ಬಿಸಿನೀರಿಗೆ ಹಾಕಿದರೆ ಹೊರಗೆ ಕರಗಿ ಒಳಗೆ ಗಟ್ಟಿ ಉಳಿಯುತ್ತದೆ. ಬೆಂದ ಮೇಲೆ ನೀರು ಬಸಿದು, ಅದೇ ಬಿಸಿ ಪಾತ್ರೆಯಲ್ಲಿ ಎರಡು ಮೂರು ನಿಮಿಷ ಬಿಟ್ಟು ಹಬೆಯಾಡಿಸಿದರೆ ಒಳಗಿನ ತೇವ ಹೋಗುತ್ತದೆ. ಆಮೇಲೆ ಕೈಯಿಂದಲೇ ಹಿಸುಕಬೇಕು. ಮಿಕ್ಸಿಗೆ ಹಾಕಿದರೆ ಆಲೂಗಡ್ಡೆಯ ಕೋಶಗಳೆಲ್ಲ ಒಡೆದು, ಹಿಟ್ಟಿನಂಶ ಹೊರಬಂದು ಗೋಂದಿನಂತೆ ಅಂಟಾಗುತ್ತದೆ. ಬೆಣ್ಣೆ, ಹಾಲಿನ ಬದಲು ಮೂರು ನಾಲ್ಕು ಚಮಚ ಆಲಿವ್ ಎಣ್ಣೆ, ಬಿಸಿ ಮಾಡಿದ ಓಟ್ಸ್ ಹಾಲು, ಉಪ್ಪು, ಕಾಳುಮೆಣಸಿನ ಪುಡಿ ಸೇರಿಸಿದರೆ ಸಾಕು.

ತಳದ ಪಲ್ಯಕ್ಕೆ ಈರುಳ್ಳಿ, ಕ್ಯಾರೆಟ್ಟು, ಸೆಲರಿಯನ್ನು ಸಣ್ಣಗೆ ಹೆಚ್ಚಿ ನಿಧಾನವಾಗಿ ಬಾಡಿಸಬೇಕು. ಅಣಬೆಯನ್ನು ಬೇರೆಯಾಗಿ, ದೊಡ್ಡ ಉರಿಯಲ್ಲಿ, ನೀರೆಲ್ಲ ಇಂಗಿ ಕಂದುಬಣ್ಣ ಬರುವವರೆಗೆ ಹುರಿಯಬೇಕು. ಟೊಮೇಟೊ ಪೇಸ್ಟನ್ನು ಎಣ್ಣೆಯಲ್ಲಿ ಬಣ್ಣ ಗಾಢವಾಗುವ ತನಕ ಬಿಡಬೇಕು. ಮಾಂಸವಿಲ್ಲದೆ ರುಚಿಗೆ ಆಳ ಬರುವುದು ಈ ಹುರಿಯುವಿಕೆಯಿಂದಲೇ. ಆತುರಪಟ್ಟರೆ ಇಡೀ ಊಟವೇ ಸಪ್ಪೆಯಾಗುತ್ತದೆ. ಇದಕ್ಕೆ ಸಿಪ್ಪೆಸಹಿತ ಇಡೀ ಮಸೂರ್ ಇನ್ನೂರು ಗ್ರಾಂ, ಮುಳುಗುವಷ್ಟು ತರಕಾರಿ ಬೇಯಿಸಿದ ನೀರು, ಥೈಮ್ ಎಂಬ ಪರಿಮಳದ ಸೊಪ್ಪು, ಒಂದು ಪಲಾವ್ ಎಲೆ, ಯೀಸ್ಟಿನಿಂದ ಮಾಡಿದ ಉಪ್ಪುಪ್ಪಾದ ಮಾರ್ಮೈಟ್ ಪೇಸ್ಟು ಅರ್ಧ ಚಮಚ. ಕಾಳು ಬೆಂದು ರಸ ಗಟ್ಟಿಯಾದ ಮೇಲೆ ಕೊನೆಗೆ ಹೆಂಡರ್ಸನ್ಸ್ ರೆಲಿಶ್ ಎಂಬ ಹುಳಿ ಸಾಸು. ಸಾಮಾನ್ಯವಾಗಿ ಬಳಸುವ ವೂಸ್ಟರ್ ಸಾಸಿನಲ್ಲಿ ಆಂಚೊವಿ ಮೀನು ಇರುತ್ತದೆ. 1885ರಿಂದ ಶೆಫೀಲ್ಡ್‌ನಲ್ಲೇ ತಯಾರಾಗುತ್ತಿರುವ ಇದರಲ್ಲಿ ಮೀನಿಲ್ಲ. ಬಾಟಲಿಯ ಮೇಲಿನ ಪಟ್ಟಿಯಲ್ಲಿ ಹುಣಸೆಹಣ್ಣು, ಲವಂಗ ಎಂದು ಮೊದಲ ಸಲ ಓದಿದಾಗ, ಈ ಉಕ್ಕಿನ ಊರಿನ ಜನ ಇಷ್ಟು ಕಾಲದಿಂದ ತಮ್ಮ ಪೈಗೆ ಸುರಿದುಕೊಳ್ಳುತ್ತಿರುವುದು ನಮ್ಮ ಹುಳಿಯನ್ನೇ ಎಂದು ನನಗೆ ತುಂಬ ಸಂತೋಷವಾಯಿತು. ನಮ್ಮ ಸ್ನೇಹಿತರಲ್ಲಿ ಕೆಲವರು ಇದಕ್ಕೆ ಗರಂ ಮಸಾಲೆ, ಹಸಿಮೆಣಸಿನಕಾಯಿ ಸೇರಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹದವಾಗಿ ಹುರಿದ ಅಣಬೆಗೂ ಆ ಹುಳಿಗೂ ಕಾಳುಮೆಣಸಿಗಿಂತ ಹೆಚ್ಚಿನ ಖಾರ ಬೇಡ.

ಪಲ್ಯವನ್ನು ಪಾತ್ರೆಯಲ್ಲಿ ಹರಡಿ ಆರಲು ಬಿಡಬೇಕು. ಬಿಸಿಯಿರುವಾಗಲೇ, ಅಥವಾ ನೀರಾಗಿರುವಾಗ, ಆಲೂಗಡ್ಡೆ ಹಾಕಿದರೆ ಅದು ಒಳಗೆ ಕುಸಿಯುತ್ತದೆ. ಅಂಚಿನಿಂದ ನಡುವಿಗೆ ಆಲೂಗಡ್ಡೆಯನ್ನು ಹರಡಿ, ಫೋರ್ಕಿನಿಂದ ಗೆರೆ ಎಳೆದರೆ ಆ ಗೆರೆಗಳ ಏಣುಗಳು ಚೆನ್ನಾಗಿ ಕೆಂಪಗಾಗುತ್ತವೆ. ಇಷ್ಟನ್ನೂ ಹಿಂದಿನ ದಿನವೇ ಮಾಡಿ ಫ್ರಿಜ್ಜಿನಲ್ಲಿಡಬಹುದು. ಊಟದ ಹೊತ್ತಿಗೆ 200 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ 30ರಿಂದ 35 ನಿಮಿಷ, ಫ್ರಿಜ್ಜಿನಿಂದ ತೆಗೆದದ್ದಾದರೆ ಇನ್ನೂ ಸ್ವಲ್ಪ ಹೆಚ್ಚು. ಹೊರತೆಗೆದ ಮೇಲೆ ಹತ್ತು ನಿಮಿಷ ಹಾಗೇ ಬಿಟ್ಟರೆ ತುಂಡುಗಳು ಒಡೆಯದೆ ಏಳುತ್ತವೆ. ಈ ಮುಕ್ಕಾಲು ಗಂಟೆ ಅಡುಗೆ ಮಾಡಿದವರಿಗೆ ಒಲೆಯ ಮುಂದೆ ಯಾವ ಕೆಲಸವೂ ಇಲ್ಲ. ಕೈ ತೊಳೆದು, ಬೇಕಾದರೆ ಸೀರೆಯನ್ನೂ ಬದಲಿಸಿ ಬಂದು, ಬಂದವರ ಜೊತೆ ಕೂರಬಹುದು.

ನಮ್ಮ ಕಡೆ ಏನಾಗುತ್ತದೆ ಎಂಬುದನ್ನು ಈ ವರ್ಷ ಯುಗಾದಿಗೆ ಊರಿಗೆ ಹೋದಾಗ ಹೊಸ ಕಣ್ಣಿನಿಂದ ನೋಡಿದೆ. ಬೆಳಗಿನ ದೋಸೆಗೇ ಅಮ್ಮ ಕಾವಲಿಯ ಮುಂದೆ ನಿಂತಿದ್ದರು. ಮಧ್ಯಾಹ್ನ ಗಂಡಸರು ಮತ್ತು ಮಕ್ಕಳ ಪಂಕ್ತಿ, ಆಮೇಲೆ ಬಂದ ನೆಂಟರ ಪಂಕ್ತಿ. ಒಳಗೆ ಚಿಕ್ಕಮ್ಮ ಒಬ್ಬಟ್ಟು ತಟ್ಟುತ್ತ, ಅಮ್ಮ ಬೇಯಿಸುತ್ತ, ಅತ್ತಿಗೆ ಓಡಾಡಿ ಬಡಿಸುತ್ತ ಇದ್ದರು. "ನೀವೂ ಕೂತ್ಕೊಳ್ಳಿ ಅಮ್ಮ" ಎಂದರೆ, "ಎಲ್ಲಾರ್ದೂ ಆಗ್ಲಿ, ನಂದೇನು ಅವಸರ" ಎಂಬ ಉತ್ತರ. ಕೊನೆಗೆ ಅವರು ಮೂವರೂ ಕೂತಾಗ ಮೂರೂವರೆ ದಾಟಿತ್ತು. ಅನ್ನ ಆರಿತ್ತು, ಕೋಸಂಬರಿ ನೀರು ಬಿಟ್ಟಿತ್ತು, ಪಲ್ಯದ ಪಾತ್ರೆಯಲ್ಲಿ ಬಳಿದರೆ ಒಂದು ಹಿಡಿ. ಎಪ್ಪತ್ತು ದಾಟಿದ ಅಮ್ಮ ತಾನೇ ಮಾಡಿದ ಒಬ್ಬಟ್ಟನ್ನು ಬಿಸಿಯಾಗಿ ತಿನ್ನಲಿಲ್ಲ. ಹೊರಗೆ ಜಗುಲಿಯಲ್ಲಿ ಎಲೆಅಡಿಕೆ ಹಾಕಿಕೊಂಡು ಕೂತಿದ್ದ ನಾವೆಲ್ಲ ಊಟ ಬಹಳ ಚೆನ್ನಾಗಿತ್ತು ಎಂದು ಮಾತಾಡಿಕೊಳ್ಳುತ್ತಿದ್ದೆವು. ಅದನ್ನು ಕಂಡು ನನಗಾದ ಬೇಸರ ಇನ್ನೂ ಹೋಗಿಲ್ಲ.

ಹಬ್ಬ ಒಂದು ದಿನದ್ದು ಎನ್ನಬಹುದು. ಆದರೆ ದಿನನಿತ್ಯವೂ ನಮ್ಮ ಮನೆಗಳಲ್ಲಿ ಇದೇ ಕ್ರಮ. ಅಕ್ಕಿರೊಟ್ಟಿ ಕಾವಲಿಯಿಂದ ನೇರ ತಟ್ಟೆಗೆ ಬೀಳಬೇಕು, ದೋಸೆ ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಬರಬೇಕು, ಚಪಾತಿ ಉಬ್ಬಿದಂತೆಯೇ ಬಂದು ಕೂರಬೇಕು. ಬಿಸಿಬಿಸಿ ಬಡಿಸುವುದೇ ಪ್ರೀತಿಯ ಅಳತೆ ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ಉಣ್ಣುವವರಿಗೆ ಅದು ಪ್ರೀತಿ ನಿಜ, ಆದರೆ ಅದರ ಬೆಲೆಯನ್ನು ಒಲೆಯ ಮುಂದಿರುವ ಒಬ್ಬರೇ ದಿನವೂ ತೆರುತ್ತಾರೆ. ಬೆಂಗಳೂರಿನಲ್ಲಿ ಗಂಡನಷ್ಟೇ ದುಡಿಯುವ ನನ್ನ ತಂಗಿಯೂ ಸಂಜೆ ಚಪಾತಿ ಹೊತ್ತಿಗೆ ನಿಂತೇ ಇರುತ್ತಾಳೆ. ಅವಳ ಮನೆಯಲ್ಲಿ ಓವನ್ ಇದೆ. ಮಕ್ಕಳ ಹುಟ್ಟುಹಬ್ಬದ ಕೇಕಿಗೆ ಬಿಟ್ಟರೆ ಅದನ್ನು ಹಚ್ಚುವುದಿಲ್ಲ. ಒಂದು ಸಂಜೆ ಅಲ್ಲಿ ಈ ಪೈಯನ್ನು ನಾನೇ ಮಾಡಿದೆ. ಹಾಸನದ ಆಲೂಗಡ್ಡೆ, ಬೀನ್ಸು, ಕ್ಯಾರೆಟ್ಟು, ಮಸೂರ್, ಮಾರ್ಮೈಟ್ ಬದಲು ಚೂರು ಹುಣಸೆರಸ ಮತ್ತು ಬೆಲ್ಲ. ಓಟ್ಸ್ ಹಾಲಿನ ಬದಲು ಆಲೂಗಡ್ಡೆ ಬೇಯಿಸಿದ ನೀರನ್ನೇ ಬಳಸಿದೆ. ತಂಗಿ ಮಕ್ಕಳ ಜೊತೆ ಕೂತು, ಶಾಲೆಯ ಸಮಾಚಾರ ಕೇಳುತ್ತ ಪೂರ್ತಿ ಊಟ ಮಾಡಿದಳು. ಬಾವನವರು, "ಚೆನ್ನಾಗಿದೆ, ಆದ್ರೆ ಅನ್ನ ಇಲ್ವಾ?" ಎಂದು ಕೇಳಿದರು. ತಂಗಿ ಅನ್ನ ಬಿಸಿ ಮಾಡಲು ಎದ್ದಳು.

ಬಾವನವರ ಆ ಪ್ರಶ್ನೆಯಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಒಂದೇ ಪಾತ್ರೆಯ ಊಟಕ್ಕೆ ಒಂದೇ ರುಚಿ. ಉಪ್ಪಿನಕಾಯಿ, ಕೋಸಂಬರಿ, ಹುಳಿ, ಸಾರು, ಪಾಯಸ ಎಂದು ನಾಲಿಗೆ ಓಡಾಡುವ ಸುಖ ಇದರಲ್ಲಿಲ್ಲ. ಮೂರನೆಯ ತುತ್ತಿಗೂ ಹತ್ತನೆಯ ತುತ್ತಿಗೂ ವ್ಯತ್ಯಾಸವಿಲ್ಲ. ಬೇಸಿಗೆಯ ಬೆಂಗಳೂರಿನಲ್ಲಿ ಅಷ್ಟು ಹೊತ್ತು ಓವನ್ ಉರಿಸುವುದೂ ಸುಲಭದ ಮಾತಲ್ಲ. ಇನ್ನೂ ಒಂದನ್ನು ಒಪ್ಪಿಕೊಳ್ಳಬೇಕು. ಕೊನೆಯ ಮಜ್ಜಿಗೆಯನ್ನೂ ಮೇಲಿನ ತುಪ್ಪವನ್ನೂ ಬಿಟ್ಟರೆ, ಮುದ್ದೆ, ಬಸ್ಸಾರು, ಹುರುಳಿಸಾರು, ಸೊಪ್ಪಿನ ಪಲ್ಯಗಳೆಲ್ಲ ಹೆಸರಿಲ್ಲದೆಯೇ ವೀಗನ್ ಊಟಗಳು. ಯುಗಾದಿಯ ಆ ದಿನ ಮಗಳು ತುಪ್ಪ ಬೇಡವೆಂದಾಗ ಎಲ್ಲರೂ ಒತ್ತಾಯ ಮಾಡಿದರಾದರೂ, ಅವಳಿಗಾಗಿ ಬೇರೆ ಅಡುಗೆ ಮಾಡುವ ಅಗತ್ಯವೇನೂ ಬೀಳಲಿಲ್ಲ.

ಇಂಗ್ಲೆಂಡಿನ ಹೆಂಗಸರು ಎಂದೂ ಒಲೆಯ ಮುಂದೆ ನಿಲ್ಲುವುದಿಲ್ಲ ಎಂದರೂ ತಪ್ಪಾಗುತ್ತದೆ. ಕ್ರಿಸ್‌ಮಸ್ ದಿನ ಬೆಳಗಿನಿಂದ ಅಡುಗೆಮನೆ ಬಿಟ್ಟು ಹೊರಬರದ ತಾಯಂದಿರನ್ನು ಈ ಬೀದಿಯಲ್ಲೇ ನೋಡಿದ್ದೇನೆ.

ಇದನ್ನೆಲ್ಲ ಫೋನಿನಲ್ಲಿ ಅಮ್ಮನ ಮುಂದೆ ಹೇಳಿದಾಗ ಅವರು ಕೊಟ್ಟ ಉತ್ತರ ನನ್ನನ್ನು ಬಹಳ ದಿನ ಕಾಡಿತು. "ಮಾಡ್ದೋರು ಮೊದ್ಲು ಕೂತ್ರೆ, ಸಾಲುತ್ತೋ ಇಲ್ವೋ ಅಂತ ಯಾರಿಗಪ್ಪ ಗೊತ್ತಾಗೋದು? ನಮ್ಮತ್ತೆ ಕಾಲ್ದಲ್ಲಿ ಹತ್ತು ಜನಕ್ಕೆ ಮಾಡಿದ್ರೆ ಹದಿನಾರು ಜನ ಬರೋರು." ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವುದನ್ನು ನಾನು ಇಷ್ಟು ದಿನ ಹೆಂಗಸರ ಮೇಲೆ ಹೇರಿದ ನಿಯಮ ಎಂದಷ್ಟೇ ತಿಳಿದಿದ್ದೆ. ಹೇರಿದ್ದು ಎಂಬ ಮಾತನ್ನು ಈಗಲೂ ಹಿಂತೆಗೆದುಕೊಳ್ಳುವುದಿಲ್ಲ, ಆದರೆ ಅದರೊಳಗೆ ಒಂದು ಲೆಕ್ಕಾಚಾರವೂ ಇತ್ತು. ಕರೆಯದೆ ಬಂದವರನ್ನೂ ಹಸಿದು ಕಳಿಸದ ಮನೆಯಲ್ಲಿ ಕೊರತೆ ಬಿದ್ದರೆ ಅದು ಅಡುಗೆ ಮಾಡಿದವಳ ತಟ್ಟೆಗೇ ಬೀಳಲಿ ಎಂಬ ಲೆಕ್ಕ ಅದು. ವೂಲ್ಟನ್ ಪೈ ಕೂಡ ಕೊರತೆಯ ಕೂಸೇ, ಆದರೆ ಅಲ್ಲಿ ಲೆಕ್ಕ ಬೇರೆ. ಪಾತ್ರೆ ಮೇಜಿಗೆ ಬರುವಾಗಲೇ ಎಷ್ಟಿದೆ ಎಂಬುದು ಎಲ್ಲರ ಕಣ್ಣಿಗೂ ಕಾಣುತ್ತದೆ, ಕಡಿಮೆಯಾದರೆ ಎಲ್ಲರ ಪಾಲೂ ಅಷ್ಟಷ್ಟು ಕಡಿಮೆಯಾಗುತ್ತದೆ. ಏಳನೆಯವರು ಬಾಗಿಲು ತಟ್ಟಿದರೆ ಆ ಪಾತ್ರೆಗೆ ಕಷ್ಟ. ನಮ್ಮ ಹುಳಿಗೆ ಒಂದು ಲೋಟ ನೀರು, ಚಿಟಿಕೆ ಉಪ್ಪು ಸೇರಿಸಿದರೆ ಅವರಿಗೂ ಆಗುತ್ತದೆ.

ಈಗ ನಮ್ಮ ಮನೆಯಲ್ಲಿ ಹದಿನಾರು ಜನ ಬರುವುದಿಲ್ಲ. ಅಡುಗೆಯೂ ಸಾಲದೆ ಹೋಗುವುದಿಲ್ಲ, ಫ್ರಿಜ್ಜಿನಲ್ಲಿ ಮರುದಿನಕ್ಕೆ ಉಳಿಯುತ್ತದೆ. ಆದ್ದರಿಂದ ಹಬ್ಬದ ಒಬ್ಬಟ್ಟಿನ ವಿಷಯದಲ್ಲಿ ನಾನು ವಾದ ಮಾಡುವುದಿಲ್ಲ. ಅದು ಕಾವಲಿಯಿಂದಲೇ ಬರಲಿ, ಕಾವಲಿಯ ಮುಂದೆ ಸರದಿಯಂತೆ ನಾವು ಗಂಡಸರೂ ನಿಲ್ಲೋಣ. ಉಳಿದ ದಿನಗಳಲ್ಲಿ ವಾರಕ್ಕೆ ಒಂದೆರಡು ಸಲವಾದರೂ, ಮೊದಲೇ ಮಾಡಿಟ್ಟು ಎಲ್ಲರೂ ಒಟ್ಟಿಗೆ ಕೂರುವಂಥ ಅಡುಗೆ ಇರಲಿ ಎಂದು ಅಮ್ಮನನ್ನೂ ತಂಗಿಯನ್ನೂ ಕೇಳಿಕೊಂಡಿದ್ದೇನೆ. ಅದಕ್ಕೆ ಪೈಯೇ ಆಗಬೇಕಿಲ್ಲ, ಬಿಸಿಬೇಳೆಬಾತ್ ಆದರೂ ಆಗುತ್ತದೆ. ಅಮ್ಮ ಒಪ್ಪಿದ್ದಾರೆ, ಹಪ್ಪಳ ಮಾತ್ರ ಆಗಿಂದಾಗಲೇ ಕರಿಯಬೇಕಂತೆ.